ಕೂಲೆಂಟ್ ಕುಡಿಯುವ ಕಾರು

ನಮ್ಮ ಕಾರು ಓಟು ಹಾಕುವ ವಯಸ್ಸು ದಾಟಿದೆ. ಈ ವಯಸ್ಸಿನಲ್ಲಿ ಬಾಗಿಲು ಕಿರುಗುಟ್ಟುವುದು, ಆಯಿಲ್ ಜಿನುಗುವುದು ಮಾಮೂಲಿ. ಇದು ಎಂಜಿನ್ ತಂಪಾಗಿಡುವ ಕೂಲೆಂಟ್ ಕುಡಿಯತೊಡಗಿತು. ಈ ಭಾನುವಾರ ಡಬ್ಬಿಯ ಮೇಲಿನ ಗೆರೆಯವರೆಗೆ ಹಸಿರು ನೀರು ತುಂಬಿಸಿದರೆ ಮುಂದಿನ ಭಾನುವಾರಕ್ಕೆ ಕೆಳಗಿನ ಗೆರೆ. ಕಾರಿನಡಿ ಬಗ್ಗಿ ನೋಡಿದರೆ ಒಂದು ಹನಿಯೂ ಇಲ್ಲ.

ಹಾಸನದಲ್ಲಿ ಬಾನೆಟ್ ಎತ್ತಿದರೆ ಸಾಕು, ಸುತ್ತ ತಜ್ಞರು ಸೇರುತ್ತಾರೆ. "ರೇಡಿಯೇಟರಿಗೆ ಒಂದು ಚಮಚ ಅರಿಶಿನ ಹಾಕಿ, ತೂತು ತಾನೇ ಮುಚ್ಚುತ್ತೆ" ಅಂದರು ಎದುರುಮನೆಯವರು. ಹಳೇ ಉಪಾಯ, ಸಣ್ಣ ತೂತಿಗೆ ಸ್ವಲ್ಪ ದಿನ ನಡೆಯುತ್ತದೆ ಕೂಡ. ಆದರೆ ತೂತು ಯಾವುದು, ನೀರು ಹರಿಯಬೇಕಾದ ಕೊಳವೆ ಯಾವುದು ಅಂತ ಅರಿಶಿನಕ್ಕೆ ಗೊತ್ತಾಗಬೇಕಲ್ಲ! "ಸುಮ್ನೆ ಬೋರ್‌ವೆಲ್ ನೀರು ಹುಯ್ಯಿರಿ" ಅಂದರು ಮೂಲೆಮನೆಯವರು. ಅವರ ಗೀಸರ್ ಕಾಯಿಲ್ ಮೇಲೆ ಕಟ್ಟಿದ ಬಿಳೀ ಪದರವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗ್ಯಾರೇಜಿನ ಹುಡುಗ ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಕೈಪಂಪು ಸಿಕ್ಕಿಸಿ ಗಾಳಿ ಹೊಡೆದ. ಮೀಟರಿನ ಮುಳ್ಳು ನಿಧಾನಕ್ಕೆ ಇಳಿಯಿತು, ಅಂದರೆ ಎಲ್ಲೋ ಸೋರಿಕೆ ಇದೆ. ಹೋಸು, ಕ್ಲಿಪ್ಪು, ವಾಟರ್ ಪಂಪು ಎಲ್ಲ ಒಣಒಣ. "ಒಳಗೇ ಹೋಗ್ತಿದೆ ಸಾರ್, ಹೆಡ್ ಗ್ಯಾಸ್ಕೆಟ್ ಇರಬಹುದು" ಅಂದ. ಎಂಜಿನ್ನಿನ ತಲೆಗೂ ಮೈಗೂ ನಡುವಿನ ಸೀಲು ಅದು, ಕೆಟ್ಟರೆ ಕೂಲೆಂಟ್ ಎಂಜಿನ್ನಿನೊಳಗೇ ಸೋರುತ್ತದೆ. ಆ ಹೆಸರು ಕೇಳಿದರೆ ಪರ್ಸು ಜೇಬಿನಲ್ಲಿ ಇನ್ನಷ್ಟು ಕೆಳಗೆ ಇಳಿಯುತ್ತದೆ. ಪುಣ್ಯಕ್ಕೆ ಆಯಿಲ್ ಬೆಳ್ಳಗಾಗಿರಲಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇರಲಿಲ್ಲ.

ಇಷ್ಟೆಲ್ಲ ನಡೆಯುವಾಗ ನಮ್ಮತ್ತೆಯದು ಒಂದೇ ದೂರು. "ಅಳಿಯಂದ್ರೇ, ನನ್ನ ಕಾಲಡಿ ಮ್ಯಾಟು ಒದ್ದೆ. ಏನೋ ಸಿಹಿ ವಾಸನೆ ಬೇರೆ." ಎಸಿ ನೀರಿರಬೇಕು ಅಂತ ಮನೆಯಲ್ಲಿ ತೀರ್ಮಾನವಾಯಿತು. ವಾಸನೆಯ ಲೆಕ್ಕಕ್ಕೆ, ಜ್ಯೂಸ್ ಚೆಲ್ಲಿದ್ದಾನೆ ಅಂತ ಮಗನಿಗೆ ಬೈಗುಳ ಬಿತ್ತು.

ಏಪ್ರಿಲ್‌ನಲ್ಲಿ ಪುತ್ತೂರಿನ ಮದುವೆ ಮುಗಿಸಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಮುಂದೆ ಲಾರಿಗಳ ಸಾಲು, ನಮ್ಮದು ಫಸ್ಟ್ ಗೇರಿನ ತೆವಳಾಟ. ಟೆಂಪರೇಚರ್ ಮುಳ್ಳು ಕೆಂಪಿನ ಕಡೆ ಹೊರಟಿತು. ನಿಲ್ಲಿಸೋಣವೆಂದರೆ ಜಾಗವಿಲ್ಲ. ಎಸಿ ಆರಿಸಿ ಹೀಟರನ್ನು ಪೂರ್ತಿ ತಿರುಗಿಸಿದೆ. ಡ್ಯಾಶ್‌ಬೋರ್ಡಿನ ಹಿಂದೆ ಕೂತಿರುವ ಪುಟ್ಟ ರೇಡಿಯೇಟರೇ ಈ ಹೀಟರ್ ಕೋರ್. ಅಲ್ಲಿಂದ ನಮ್ಮ ಮುಖಕ್ಕೆ ಎಷ್ಟು ಬಿಸಿ ಬಂದರೆ ಎಂಜಿನ್ನಿಗೆ ಅಷ್ಟು ಆರಾಮ. ಆದರೆ ಬಂದದ್ದು ಬರೀ ಬಿಸಿಗಾಳಿಯಲ್ಲ, ಬೆಲ್ಲದ ಪಾಕದ ವಾಸನೆಯ ಹಬೆ! ಗ್ಲಾಸು ಮಂಜಾಯಿತು. ಒರೆಸಿದರೆ ಜಿಡ್ಡು. ಅತ್ತೆ ಎರಡೂ ಕಾಲು ಸೀಟಿನ ಮೇಲೆ ಎಳೆದುಕೊಂಡು, "ಇದೂ ಜ್ಯೂಸಾ?" ಅಂದರು.

ಹೇಗೋ ಪಕ್ಕಕ್ಕೆ ಹಾಕಿ ಎಂಜಿನ್ ಆರುವವರೆಗೆ ಕಾದೆವು. ಬಿಸಿಯಲ್ಲಿ ಮಾತ್ರ ಮುಚ್ಚಳ ಮುಟ್ಟಬಾರದು. ಒತ್ತಡದಿಂದಾಗಿ ಒಳಗಿನ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ, ಸಡಿಲಿಸಿದರೆ ನೇರ ಮುಖಕ್ಕೆ. ಆಮೇಲೆ ನೀರು ತುಂಬಿ, ಹೀಟರ್ ಮುಚ್ಚಿ, ಹಾಸನ ಸೇರಿಕೊಂಡೆವು.

ಸೋರುತ್ತಿದ್ದದ್ದು ಹೀಟರ್ ಕೋರೇ. ಅದನ್ನು ಬದಲಿಸಲು ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕಂತೆ. ಅದರ ಕೂಲಿ ಕೇಳಿ ಕಾರಿಗೇ ನಾಚಿಕೆಯಾಗಿರಬೇಕು. ಕೊನೆಗೆ ಹುಡುಗ ಹೀಟರಿಗೆ ಹೋಗುವ ಪೈಪು, ಬರುವ ಪೈಪು ಎರಡನ್ನೂ ಎಂಜಿನ್ ಕಡೆಯಲ್ಲೇ ಒಂದಕ್ಕೊಂದು ಜೋಡಿಸಿ ಕ್ಲಿಪ್ ಬಿಗಿದ. ಹೀಟರ್ ಹೋಯಿತು, ಕೂಲೆಂಟ್ ಉಳಿಯಿತು. ಡಿಸೆಂಬರಿನ ಬೆಳಿಗ್ಗೆ ಗ್ಲಾಸು ಒರೆಸಲು ಹಳೇ ಬನಿಯನ್ ಇದೆ.

ಈಗ ಯಾವ ಸದ್ದಿಗೆ ಕಾರು ತಗೊಂಡು ಹೋದರೂ ಹುಡುಗ ಬಾನೆಟ್ ಎತ್ತುವ ಮೊದಲು ಕೇಳುತ್ತಾನೆ, "ನಿಮ್ಮತ್ತೆ ಏನಂದ್ರು ಸಾರ್?"