ಗುಡ್ಡದ ಜಿಂಕೆಯೂ ಊರವರ ಹಾರೆಯೂ

ಅಮೆರಿಕದ ಐಡಾಹೊ ರಾಜ್ಯದಲ್ಲಿ ನಾನಿರುವ ಬಾಯ್ಸಿ ಊರಿನ ಬೆನ್ನಿಗಿರುವ ಬೋಳುಗುಡ್ಡಗಳಿಗೆ, ಮೇಲಿನ ಬೆಟ್ಟಗಳಲ್ಲಿ ಹಿಮ ದಟ್ಟವಾದೊಡನೆ, ಮ್ಯೂಲ್ ಡೀರ್‌ಗಳು ಇಳಿದು ಬರುತ್ತವೆ. ಹೇಸರಗತ್ತೆಯ ಕಿವಿಯನ್ನು ಹೋಲುವ ಕಿವಿಯಿಂದ ಈ ಜಿಂಕೆಗೆ ಆ ಹೆಸರು ಬಂದಿದೆ. ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬು ಮತ್ತು ಬಿಟ್ಟರ್‌ಬ್ರಷ್, ಸೇಜ್‌ಬ್ರಷ್‌ನಂಥ ಪೊದೆಗಳ ಚಿಗುರು ಇವೆರಡರಿಂದಲೇ ಅವು ಚಳಿಗಾಲ ಕಳೆಯಬೇಕು. ನೆರೆಯ ವ್ಯೋಮಿಂಗ್‌ನಲ್ಲಿ 2022–23ರ ಕಡುಚಳಿಗೆ ವ್ಯೋಮಿಂಗ್ ಬೆಟ್ಟಸಾಲಿನ ಹಿಂಡು ಅರ್ಧಕ್ಕಿಂತ ಹೆಚ್ಚು ಕರಗಿತು.

ಹಿಮಕ್ಕೆ ಮದ್ದಿಲ್ಲ, ಮೇವಿನ ಕೊರತೆಗೆ ಇದೆ. ಕಾಳ್ಗಿಚ್ಚು ಬಿದ್ದಲ್ಲಿ ಪರದೇಶದ ಚೀಟ್‌ಗ್ರಾಸ್ ಎಂಬ ಕಳೆಹುಲ್ಲು ಹಬ್ಬಿ, ಬೇಸಿಗೆಯ ಮೊದಲಲ್ಲೇ ಒಣಗಿ, ಮತ್ತೆ ಬೆಂಕಿಗೆ ಸೌದೆಯಾಗುವುದರಿಂದ ಬಿಟ್ಟರ್‌ಬ್ರಷ್ ತಾನಾಗಿ ಚೇತರಿಸಿಕೊಳ್ಳುವುದು ಅಪರೂಪ. ಅದಕ್ಕಾಗಿಯೇ ವನ್ಯಜೀವಿಗಳನ್ನು ನೋಡಿಕೊಳ್ಳುವ ಇಲ್ಲಿನ ಫಿಶ್ ಅಂಡ್ ಗೇಮ್ ಇಲಾಖೆ ದಶಕಗಳಿಂದ ಊರವರನ್ನು ಕರೆಯುತ್ತಿದೆ: ಬೇಸಿಗೆಯಲ್ಲಿ ಬೀಜ ಆಯುವುದು, ಸಸಿಯಾದ ಮೇಲೆ ಗುಡ್ಡಕ್ಕೆ ಹೊತ್ತು ನೆಡುವುದು. ನನ್ನ ಜೊತೆ ಗುಂಡಿ ತೋಡಿದ ಮುದುಕರೊಬ್ಬರು ಬೇಟೆಗಾರರು. ತಾನು ನೆಟ್ಟ ಪೊದೆಯನ್ನು ಮೇಯುವ ಜಿಂಕೆಗೇ ಗುರಿ ಇಡುವ ಈ ನಂಟು ನನಗಿನ್ನೂ ಪೂರ್ತಿ ಒಗ್ಗಿಲ್ಲ. ಆದರೂ 1937ರ ಕಾಯ್ದೆಯಂತೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ನೆರೆಯ ಯೂಟಾ ರಾಜ್ಯದಲ್ಲಂತೂ ಒಂದು ವಿಶೇಷ ಯೋಜನೆಗೆ ಸೇರಿದ ಬೇಟೆಗಾರರು ಮೂರು ವರ್ಷಗಳಲ್ಲಿ 32 ಗಂಟೆ ವನ್ಯಜೀವಿ ರಕ್ಷಣೆಯ ಸೇವೆ ಸಲ್ಲಿಸಬೇಕು.

ನಮ್ಮ ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಲ್ಲಿಸಿದ್ದು ಸರಿ. ಅದು ಮರಳಿ ಬರಬೇಕೆಂದು ನಾನು ಕನಸಿನಲ್ಲೂ ಬಯಸೆನು. ನನ್ನ ತಕರಾರಿರುವುದು, ಬೇಟೆಯೊಡನೆ ಕಾಡಿನ ಕೆಲಸದಿಂದಲೂ ಜನರನ್ನು ಹೊರಗಿಟ್ಟ ರೀತಿಯ ಬಗ್ಗೆ. ಚೀಟ್‌ಗ್ರಾಸ್‌ಗೆ ನಮ್ಮ ಜೋಡಿ ಲಂಟಾನ (ಅದು ಹೊರಟದ್ದು ಅಮೆರಿಕ ಖಂಡದಿಂದಲೇ ಎಂಬುದು ವಿಚಿತ್ರ). ಬಂಡೀಪುರದಲ್ಲಿ ಅದು ಹುಲ್ಲನ್ನು ನುಂಗಿ ಸಾರಂಗ, ಚುಕ್ಕೆಜಿಂಕೆಗಳ ಮೇವನ್ನು ಕಿತ್ತುಕೊಂಡಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ನೆಲಮಟ್ಟದ ತರಗು ಬೆಂಕಿ ಹಾಕುತ್ತಿದ್ದರು. ಅದು ನಿಂತ ಮೇಲೆಯೇ ಲಂಟಾನ ಮಿತಿಮೀರಿತೆಂಬುದು ಅವರ ಮಾತು. ಆ ಮಾತನ್ನು ನಾವು ಬಹುಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. ಪಟ್ಟಣದವರಾದ ನಾವು ಜೀಪಿನಲ್ಲಿ ಕುಳಿತು, ಚಿತ್ರ ತೆಗೆದು, ಮರಳುತ್ತೇವೆ.

ಸಫಾರಿಗೆ ಬರುವವನಿಂದಲೂ ಯೂಟಾದಂತೆ ಒಂದಿಷ್ಟು ಗಂಟೆಗಳ ಬೆವರನ್ನು ಕೇಳಬಾರದೇಕೆ? ಆನೆ, ಹುಲಿ ತಿರುಗುವ ಕಾಡಿಗೆ ಹಾರೆ ಹಿಡಿದವರನ್ನು ಬಿಡುವುದು ಇಲ್ಲಿನ ಗುಡ್ಡದಷ್ಟು ಸುಲಭವಲ್ಲವೆಂಬುದು ನಿಜ. ಹಾಗಿದ್ದರೆ ಆ ಭಯವಿಲ್ಲದ ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಹುಲ್ಲುಗಾವಲಿನಲ್ಲಿ, ಕೃಷ್ಣಮೃಗಗಳ ನಡುವೆ, ಅಲ್ಲಿನ ಊರವರ ಮೇಸ್ತ್ರಿಕೆಯಲ್ಲೇ ಆರಂಭಿಸಬಹುದು. ರಜೆಗೆ ಬಂದಾಗ ಒಂದು ದಿನ ಅಲ್ಲಿ ಕಳೆ ಕೀಳಲು ನಾನೂ ಸಿದ್ಧ.