ಕಿವಿಯೊಳಗಿನ ಗೈಡಮ್ಮ

“ಈಗ ಸೇತುವೆ ದಾಟಿ ಆಚೆ ದಡಕ್ಕೆ ಹೋಗಿ” ಎಂದಳು ಕಿವಿಯೊಳಗಿನ ಆಡಿಯೋ ಟೂರಿನ ಹೆಂಗಸು. ಸೇತುವೆ ಇದ್ದರೆ ತಾನೇ ದಾಟುವುದು? ಅಮೆರಿಕದ ಕ್ಲೀವ್‌ಲ್ಯಾಂಡಿನ ಸೆಂಟರ್ ಸ್ಟ್ರೀಟ್ ಸೇತುವೆ ಹಡಗಿಗೆ ದಾರಿ ಬಿಡಲು ಬಾಗಿಲಿನಂತೆ ಪಕ್ಕಕ್ಕೆ ತಿರುಗಿ ನಿಂತಿತ್ತು. 600 ಅಡಿಗೂ ಉದ್ದದ ಅದಿರಿನ ಹಡಗು ಕೈಯಹೋಗಾ ನದಿಯ ಅಂಕುಡೊಂಕಿನಲ್ಲಿ ದಡಕ್ಕೆ ಮೈ ತಾಗದಂತೆ ಇಂಚಿಂಚೇ ಸರಿಯುತ್ತಿತ್ತು. ನೋಡಬೇಕಾದ್ದೇ ಅದು. ಇವಳು ಮಾತ್ರ ಆಚೆ ದಡದ ಇಟ್ಟಿಗೆ ಗೋದಾಮಿನ ಕಥೆ ಶುರುಮಾಡಿಯೇಬಿಟ್ಟಳು. ಅದೀಗ ರೆಸ್ಟೋರೆಂಟಂತೆ. ಯಾವ ಹಳೇ ಗೋದಾಮು ಈಗ ರೆಸ್ಟೋರೆಂಟ್ ಆಗಿಲ್ಲ ಹೇಳಿ!

“ಪಾಝ್ ಬಟನ್ ಒತ್ತಪ್ಪ” ಎಂದಳು ಮಗಳು. ಒತ್ತಿದೆ. ಮತ್ತೆ ಒತ್ತಿದರೆ ಕಥೆ ಮೊದಲಿಂದ. ಮೋಸೆಸ್ ಕ್ಲೀವ್‌ಲ್ಯಾಂಡ್ 1796ರಲ್ಲಿ ಇನ್ನೊಮ್ಮೆ ದಡಕ್ಕೆ ಬಂದಿಳಿದ. ಈ ಮಹಾನುಭಾವ ಜಾಗ ಅಳೆಸಿ, ಅದೇ ವರ್ಷ ಕನೆಕ್ಟಿಕಟ್‌ಗೆ ವಾಪಸಾದವನು ಮತ್ತೆ ಇತ್ತ ತಲೆ ಹಾಕಲಿಲ್ಲ. ಊರಿಗೆ ಅವನದೇ ಹೆಸರು. ಮರುವರ್ಷ ಬಂದು ಇಲ್ಲೇ ಮನೆ ಮಾಡಿದವನು ಲೊರೆಂಜೊ ಕಾರ್ಟರ್. ಅವನನ್ನು ಕೇಳುವವರಿಲ್ಲ.

ಬೆಂಕಿಯ ವಿಷಯ ಬಂದಾಗ ಗೈಡಮ್ಮನ ದನಿಗೆ ಕಳೆ ಬಂತು. 1969ರ ಜೂನ್ 22, ಭಾನುವಾರ, ಎಣ್ಣೆ ತೇಲುತ್ತಿದ್ದ ನದಿಗೇ ಬೆಂಕಿ ಹತ್ತಿತು. ದೇಶವೇ ತಲೆ ತಗ್ಗಿಸಿತು, ಅಂತೆಲ್ಲ. ಅವಳು ಹೇಳದೇ ಬಿಟ್ಟದ್ದು ಅದಕ್ಕಿಂತ ಮಜವಾಗಿದೆ. ಆ ಬೆಂಕಿ ಅರ್ಧ ಗಂಟೆಯೊಳಗೆ ಆರಿಹೋಗಿತ್ತು. ಫೋಟೋದವರು ಓಡಿ ಬರುವಷ್ಟರಲ್ಲಿ ಜ್ವಾಲೆಯೇ ಇಲ್ಲ. ಆಗಸ್ಟ್‌ನಲ್ಲಿ ‘ಟೈಮ್’ ಪತ್ರಿಕೆ ಧಗಧಗ ಉರಿಯುವ ಚಿತ್ರ ಹಾಕಿತಲ್ಲ, ಅದು 1952ರ ಬೆಂಕಿಯದು! ಆ ಬೆಂಕಿ ದೊಡ್ಡದೇ. ಹತ್ತು ಲಕ್ಷ ಡಾಲರಿಗೂ ಜಾಸ್ತಿ ನಷ್ಟ. ಆಗ ದೇಶ ಕ್ಯಾರೇ ಅನ್ನಲಿಲ್ಲ. 1868ರಿಂದಲೂ ನದಿ ಆಗಾಗ ಹೊತ್ತಿಕೊಳ್ಳುತ್ತಲೇ ಇತ್ತು, ಊರಿನವರು ಆರಿಸಿ ಮನೆಗೆ ಹೋಗುತ್ತಿದ್ದರು. ಕಾರ್ಖಾನೆ ಓಡುತ್ತಿದೆ, ಸಂಬಳ ಬರುತ್ತಿದೆ, ಇನ್ನೇನು ಬೇಕು? ಕೊನೆಗೆ ಹೆಸರು ಕೆಟ್ಟಿದ್ದು ಪುಟ್ಟ ಬೆಂಕಿ ಮತ್ತು ಎರವಲು ಫೋಟೋದಿಂದ. 1972ರ ಶುದ್ಧ ನೀರಿನ ಕಾನೂನಿಗೆ ಒತ್ತು ಕೊಟ್ಟವುಗಳಲ್ಲಿ ಅದೂ ಒಂದು. ಇಂಥದ್ದನ್ನೆಲ್ಲ ಬಿಟ್ಟು ಗೋದಾಮಿನ ಇಟ್ಟಿಗೆ ಬಗ್ಗೆ ಹೇಳುವವರಿಗೆ ಏನನ್ನಬೇಕು? ಅಂದರೂ ಅವಳಿಗೆ ಕೇಳಿಸುವುದಿಲ್ಲ. ಮನುಷ್ಯ ಗೈಡ್ ಆಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

2019ರಲ್ಲಿ ಇಲ್ಲಿನ ಮೀನು ತಿನ್ನಬಹುದು ಎಂದು ಸರ್ಕಾರವೇ ಹೇಳಿತು. ‘ಬರ್ನಿಂಗ್ ರಿವರ್’ ಹೆಸರಿನ ಬಿಯರೂ ಇದೆ. ಮಾನ ಹೋದದ್ದನ್ನೂ ಬಾಟಲಿಗೆ ತುಂಬಿ ಮಾರುವ ಜನ.

ನಮ್ಮ ಬೆಳ್ಳಂದೂರು ಕೆರೆ 2015, 2017, 2018ರಲ್ಲಿ ಹೊತ್ತಿಕೊಂಡಾಗ ಎರವಲು ಫೋಟೋದ ಗತಿ ಬರಲಿಲ್ಲ. ಕೈಗೊಂದು ಮೊಬೈಲು, ನೂರಾರು ವಿಡಿಯೋ. ನೊರೆ ರಸ್ತೆಗೇ ಹಾರಿ ಬಂದು ಸ್ಕೂಟರಿನವರ ಮೇಲೆ ಕೂರುತ್ತಿತ್ತು. ಇದನ್ನೆಲ್ಲ ಮಗಳಿಗೆ ಹೇಳಿದರೆ, “ಮುಂದೆ ಅಲ್ಲೂ ಆಡಿಯೋ ಟೂರ್ ಮಾಡ್ತಾರೆ ಬಿಡಪ್ಪ” ಎಂದು ನಕ್ಕಳು.

ಮಾಡಲಿ, ಯಾರು ಬೇಡ ಅಂದರು. ಮೊದಲು ನಡೆಯೋಕೆ ಒಂದು ಫುಟ್‌ಪಾತ್ ಮಾಡಲಿ.