ಅಕ್ಕಿ ಹುಳದ ಸೊಂಡಿಲು

ಮ್ಯಾಕ್ರೋ ಲೆನ್ಸು, ಅಂದ್ರೆ ಚಿಕ್ಕ ವಸ್ತುಗಳನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯೋ ಕ್ಯಾಮೆರಾ ಲೆನ್ಸು, ತಗೋಬೇಕು ಅಂತ ಎರಡು ವರ್ಷ ಕನಸು ಕಂಡಿದ್ದೆ. ಕನಸಿನಲ್ಲಿ ಆಗುಂಬೆಯ ಮಳೆ, ಎಲೆ ತುದಿಯಲ್ಲಿ ಕಪ್ಪೆ, ನನ್ನ ಮಂಡಿ ತುಂಬ ಕೆಸರು. ಮನಸ್ಸಿನಲ್ಲಿದ್ದದ್ದು 105 ಎಂ.ಎಂ. ಲೆನ್ಸು. ಅದರ ಬೆಲೆ ಕೇಳಿದ ಮೇಲೆ ಆಸೆ ತಾನಾಗಿಯೇ 65 ಎಂ.ಎಂ. ಕಮ್ಮಿ ಆಯಿತು. ನಿಕಾನ್‌ನ 40 ಎಂ.ಎಂ. ತಗೊಂಡೆ, ಅದೂ ಸೆಕೆಂಡ್ ಹ್ಯಾಂಡು, 12 ಸಾವಿರಕ್ಕೆ. ಆಗುಂಬೆಗೆ ಹೋಗಬೇಕಿದ್ದ ಲೆನ್ಸು ಈಗ ನಮ್ಮ ಅಡುಗೆಮನೆಯಲ್ಲಿ ಸಂಸಾರ ಹೂಡಿದೆ.

ಇದು ಪ್ರೈಮ್ ಲೆನ್ಸು. ಜೂಮ್ ಗೀಮ್ ಏನೂ ಇಲ್ಲ, ದೊಡ್ಡದಾಗಿ ಕಾಣಬೇಕಂದ್ರೆ ನೀವೇ ಎದ್ದು ಹತ್ತಿರ ಹೋಗಬೇಕು. ತೂಕ 235 ಗ್ರಾಂ, ಕಾಲು ಕೆ.ಜಿ. ಬೆಣ್ಣೆಗಿಂತ ಹಗುರ. ಮೈಮೇಲೆ ಮ್ಯಾಕ್ರೋ ಅಂತ ಬರೆದಿಲ್ಲ, ಮೈಕ್ರೋ ಅಂತಿದೆ. ನಿಕಾನ್‌ನವರು ಮೊದಲಿಂದಲೂ ಹಾಗೇ ಕರೆಯೋದು. 1956ರಲ್ಲಿ ಅವರ ಮೊದಲ ಮೈಕ್ರೋ ಲೆನ್ಸು ಹುಟ್ಟಿದ್ದು ಹೂವು ಚಿಟ್ಟೆಗಾಗಿ ಅಲ್ಲ, ಕಾಗದಪತ್ರಗಳನ್ನು ಮೈಕ್ರೋಫಿಲ್ಮಿಗೆ ಇಳಿಸೋದಕ್ಕೆ. ಜಪಾನಿನ ಕಾಂಜಿ ಅಕ್ಷರಗಳಲ್ಲಿ ಗೆರೆ ಮೇಲೆ ಗೆರೆ, ಅಷ್ಟು ಚಿಕ್ಕ ಫಿಲ್ಮಿನಲ್ಲಿ ಅವು ಒಂದಕ್ಕೊಂದು ಕಲಸಿಹೋಗದ ಹಾಗೆ ಹಿಡಿಯುವ ಲೆನ್ಸು ಬೇಕಿತ್ತು. ಇದನ್ನು ತಿಳಿದಾಗ ನನಗೆ ಒಂಥರಾ ಸಮಾಧಾನ ಆಯಿತು. ನಮ್ಮ ಮನೆಯಲ್ಲೂ ಅದು ಕೊನೆಗೆ ಅಕ್ಷರ ಓದುವ ನೌಕರಿಗೇ ಸೇರಿಕೊಂಡಿದೆ.

ಚಿಟ್ಟೆ ಪ್ರಯತ್ನ ಮಾಡಲಿಲ್ಲ ಅಂತಲ್ಲ. ಮ್ಯಾಕ್ರೋ ಮಂದಿ ‘ಒನ್ ಈಸ್ ಟು ಒನ್’ ಅಂತ ಒಂದು ಮಾತು ಹೇಳುತ್ತಾರೆ. ಎದುರಿಗಿರೋ ವಸ್ತು ಎಷ್ಟಿದೆಯೋ, ಕ್ಯಾಮೆರಾದೊಳಗೆ ಚಿತ್ರ ಹಿಡಿಯೋ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳೋದು. ನನ್ನ ಕ್ಯಾಮೆರಾದ ಸೆನ್ಸರ್ 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. 2011ರಲ್ಲಿ ಬಂದ ಒಂದು ರೂಪಾಯಿ ನಾಣ್ಯ ಸುಮಾರು 22 ಮಿ.ಮೀ. ಇದೆ, ಅಗಲಕ್ಕೆ ಸರಿಯಾಗಿ ಕೂರುತ್ತದೆ, ತಲೆ ಕಾಲು ಮಾತ್ರ ಕತ್ತರಿಸಿ ಹೋಗುತ್ತದೆ. ಅಷ್ಟು ದೊಡ್ಡದಾಗಿ ಬರಬೇಕಂದ್ರೆ ಸೆನ್ಸರಿನಿಂದ 16.3 ಸೆಂಟಿಮೀಟರ್ ದೂರದಲ್ಲಿರಬೇಕು. ಸಾಕಷ್ಟು ದೂರ ಅಲ್ವಾ ಅನ್ನಿಸುತ್ತದೆ. ಆದರೆ ಅದರಲ್ಲಿ ಜಾಸ್ತಿ ಪಾಲು ಕ್ಯಾಮೆರಾ ಮತ್ತು ಲೆನ್ಸೇ ತಿಂದು ಹಾಕಿ, ಲೆನ್ಸಿನ ಮೂತಿಗೂ ಚಿಟ್ಟೆಯ ಮೂತಿಗೂ ನಡುವೆ ಉಳಿಯೋದು ಮೂರೂವರೆ ಸೆಂಟಿಮೀಟರ್. ಅಷ್ಟು ಹತ್ತಿರ ಹೋದರೆ ಚಿಟ್ಟೆ ಬಿಡಿ, ನೆಂಟರೂ ಎದ್ದು ಹೋಗುತ್ತಾರೆ. ಹಿತ್ತಲಿನ ಕರಿಬೇವಿನ ಗಿಡದಲ್ಲಿದ್ದ ಒಂದು ಹಸಿರು ಹುಳು ಮಾತ್ರ ಸಹಕರಿಸಿತು. ಮದುವೆ ಊಟದ ಮೊದಲ ಪಂಕ್ತಿಯವರ ಹಾಗೆ, ಫೋಟೋದವನು ಬಂದರೂ ತಲೆ ಎತ್ತದೆ ತಿನ್ನುತ್ತಿತ್ತು.

ಹಾಗಾಗಿ ಓಡಿ ಹೋಗದ ವಸ್ತುಗಳ ಕಡೆ ತಿರುಗಿದೆ. ದೋಸೆಯ ತೂತು. ಕಾಫಿ ಫಿಲ್ಟರಿನ ತಳ. ಸಾಸಿವೆ. ನುಣ್ಣಗಿದೆ ಅಂದುಕೊಂಡಿದ್ದ ಸಾಸಿವೆಯ ಮೈಮೇಲೆ ಯಾರೋ ಸಣ್ಣ ಬಲೆ ಹೊದಿಸಿದ ಹಾಗಿದೆ, ಇಷ್ಟು ವರ್ಷ ಒಗ್ಗರಣೆಗೆ ಹಾಕಿದರೂ ನೋಡಿರಲಿಲ್ಲ. ಆದರೆ ಆ ಬಲೆ ಕಾಣೋದಕ್ಕೆ ಪಟ್ಟ ಪಾಡು ಕೇಳಬೇಡಿ. ಅಷ್ಟು ಹತ್ತಿರದಲ್ಲಿ ಎಫ್/2.8ರಲ್ಲಿ, ಅಂದ್ರೆ ಲೆನ್ಸಿನ ಕಂಡಿ ಪೂರ್ತಿ ತೆರೆದು, ತೆಗೆದರೆ ಸ್ಪಷ್ಟವಾಗಿ ಬರೋ ಆಳ ಕಾಲು ಮಿಲಿಮೀಟರಿಗಿಂತ ಕಮ್ಮಿ. ಉಸಿರು ಬಿಟ್ಟರೆ ಸಾಸಿವೆ ಮಾಯ. ಕಂಡಿ ಕಿರಿದು ಮಾಡಿ ಎಫ್/11ಕ್ಕೆ ಹೋದರೂ ಒಂದು ಮಿಲಿಮೀಟರ್ ಸಿಗೋದು ಕಷ್ಟ, ಮೇಲೆ ಬೆಳಕೂ ಸಾಲೋದಿಲ್ಲ. ಆಟೋಫೋಕಸ್ಸು ಮುಂದಕ್ಕೆ ಹಿಂದಕ್ಕೆ ಗುಯ್‌ಗುಡುತ್ತಾ ಕತ್ತಲಲ್ಲಿ ಚಪ್ಪಲಿ ಹುಡುಕುವವರ ಹಾಗೆ ತಡಕಾಡುತ್ತದೆ. ಅದನ್ನು ಆಫ್ ಮಾಡಿ, ಮೊಣಕೈ ಕಟ್ಟೆ ಮೇಲೆ ಊರಿ, ಫೋಕಸ್ ರಿಂಗ್ ಮುಟ್ಟದೆ ನಾನೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗಾಡಿ ತೆಗೆಯಬೇಕು. ಬೆಳಗ್ಗೆ ಎಂಟರ ಕಿಟಕಿ ಬೆಳಕು ಚೆನ್ನ. ನೆರಳಿರೋ ಕಡೆಗೆ ಒಂದು ಸ್ಟೀಲ್ ತಟ್ಟೆ ಅಡ್ಡ ಇಟ್ಟರೆ ಅರ್ಧ ಸ್ಟುಡಿಯೋ ತಯಾರು. ತಿಂಡಿ ಹೊತ್ತಿಗೆ ತಟ್ಟೆ ವಾಪಸ್ ಕೊಡಬೇಕು, ಅಷ್ಟೇ.

ಊರಿಂದ ಬಂದಿದ್ದ ಅತ್ತೆಯದೂ ಒಂದು ಫೋಟೋ ತೆಗೆದೆ. ನನ್ನ ಚಿಕ್ಕ ಸೆನ್ಸರಿಗೆ 40 ಎಂ.ಎಂ. ಅಂದ್ರೆ ದೊಡ್ಡ ಸೆನ್ಸರಿನ 60 ಇದ್ದ ಹಾಗೆ, ಎರಡು ಹೆಜ್ಜೆ ಹಿಂದೆ ನಿಂತರೆ ಮುಖ ಚೆನ್ನಾಗಿಯೇ ಬರುತ್ತದೆ. ಆದರೆ ಈ ಲೆನ್ಸಿಗೆ ಮುಲಾಜು ಗೊತ್ತಿಲ್ಲ. “ಇಷ್ಟು ಗೆರೆ ನನ್ನ ಮುಖದಲ್ಲಿ ಎಲ್ಲಿದೆಯೋ? ನೀನೇ ಹಾಕಿದ್ದೀಯ,” ಅಂದರು. ಆಮೇಲೆ ಮೊಬೈಲಲ್ಲಿ ತೆಗೆದು ಕೊಟ್ಟೆ, ಖುಷಿಯಾದರು.

ಲೆನ್ಸಿನ ನಿಜವಾದ ಯಜಮಾನಿ ಅಮ್ಮ. ಶುರುವಾಗಿದ್ದು ಮಾತ್ರೆ ಪಟ್ಟಿಯಿಂದ. ಎಕ್ಸ್‌ಪೈರಿ ಡೇಟು ಬೆಳ್ಳಿ ಹಾಳೆ ಮೇಲೆ ಬರೀ ಒತ್ತಿದ ಗುರುತು, ಕಣ್ಣಿಗೆ ಕಾಣುತ್ತಿರಲಿಲ್ಲ. ಬೆಳಕನ್ನು ಪಕ್ಕದಿಂದ ಬಿಟ್ಟು ತೆಗೆದರೆ ಅಂಕಿಗಳು ಎದ್ದು ನಿಂತವು. ಇದು ಮೊಬೈಲಲ್ಲೂ ಆಗತ್ತೆ ಅಮ್ಮ ಅಂದೆ. “ಅಷ್ಟು ದುಡ್ಡು ಸುರಿದಿದ್ದೀಯಲ್ಲ, ಉಪಯೋಗ ಆಗ್ಲಿ ಬಿಡು.” ಅಲ್ಲಿಂದ ಮುಂದೆ ಹತ್ತು ರೂಪಾಯಿ ನೋಟು. ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯದು ನಮ್ಮ ಕನ್ನಡ, ದೊಡ್ಡದು ಮಾಡಿ ತೋರಿಸಿದಾಗ ಗುರುತಿನವರು ಸಿಕ್ಕ ಹಾಗೆ ನಕ್ಕರು. ಆಮೇಲೆ ಹೊಸ ಓಲೆ. ಹಾಲ್‌ಮಾರ್ಕ್ ಚಿನ್ನಕ್ಕೆ 2023ರ ಏಪ್ರಿಲ್‌ನಿಂದ ಅಕ್ಷರ, ಅಂಕಿ ಸೇರಿ ಆರರ ಗುರುತು ಇರಲೇಬೇಕು. ಅದನ್ನು ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು, ಓದೋದಕ್ಕಾದರೆ. ನಾವು ಓದಿದೆವು. ಖುಷಿಗೆ ಅಮ್ಮ ಅಜ್ಜಿಯ ಬಳೆಯನ್ನೂ ಬಿಚ್ಚಿಕೊಟ್ಟರು. ಅದರಲ್ಲಿ ಅಕ್ಷರ ಇರಲಿಲ್ಲ. ಇದ್ದದ್ದು ಬರೀ ಗೀರು, ಸಾವಿರಾರು, ಎಲ್ಲಾ ಹೆಚ್ಚುಕಮ್ಮಿ ಒಂದೇ ಕಡೆಗೆ. “ಪಾತ್ರೆ ತಿಕ್ಕಿದ್ದು,” ಅಂದರು ಅಮ್ಮ. ಎಷ್ಟೋ ಹೊತ್ತು ಆ ಫೋಟೋ ಮುಚ್ಚಲಿಲ್ಲ ನಾವು.

ಮೊನ್ನೆ ಅಕ್ಕಿಗೆ ಹುಳ ಬಿದ್ದಿತ್ತು. ಮೊರದಲ್ಲಿ ಹರಡಿ ಬಿಸಿಲಿಗೆ ಇಟ್ಟಿದ್ದರು. “ಬಾರೋ, ಇದನ್ನೂ ತೆಗಿ.” ಮೂರು ಮಿಲಿಮೀಟರ್ ಇದ್ದಿರಬಹುದು, ಅದೂ ಓಡುತ್ತಲೇ ಇತ್ತು, ಆದರೆ ಚಿಟ್ಟೆಯ ಹಾಗೆ ಹಾರುವ ಮನಸ್ಸು ಮಾಡಲಿಲ್ಲ. ಮೂವತ್ತು ಫೋಟೋದಲ್ಲಿ ಒಂದು ಸರಿಯಾಗಿ ಬಂತು. ಕಂದು ಬೆನ್ನು, ಅದರ ಮೇಲೆ ನಾಲ್ಕು ಕೆಂಪುಮಿಶ್ರಿತ ಚುಕ್ಕೆ, ಮುಂದೆ ಬಾಗಿದ ಸೊಂಡಿಲು. ಹೆಣ್ಣು ಹುಳ ಆ ಸೊಂಡಿಲಿನಿಂದಲೇ ಅಕ್ಕಿಕಾಳು ಕೊರೆದು, ಒಳಗೆ ಮೊಟ್ಟೆಯಿಟ್ಟು, ತೂತು ಮುಚ್ಚುತ್ತದೆ, ಮರಿ ಕಾಳಿನೊಳಗೇ ಬೆಳೆಯುತ್ತದೆ ಅಂತೆಲ್ಲ ಹೇಳಿದೆ. ಅಮ್ಮ ಕನ್ನಡಕ ಮೇಲೆ ಸರಿಸಿ ಸ್ಕ್ರೀನನ್ನೇ ನೋಡಿದರು.

“ಪಾಪ, ಗಣಪತಿ ಥರಾನೇ ಇದೆ ಕಣೋ.”

ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ, “ಆ ಕಡೆ ಸರಿ, ಬಿಸಿಲಿಗೆ ಅಡ್ಡ ನಿಂತಿದ್ದೀಯ,” ಅಂತ ಮೊರ ಎತ್ತಿ ಕೇರತೊಡಗಿದರು.